ಸರೋಜಕ್ಕನ ಕಂಪ್ಯೂಟರ್ ಕೆಟ್ಟ ಮಳೆಗಾಲ

ಕಳೆದ ವಾರ ನಮ್ಮ ಶಾಲೆಗೆ ಹೊಸದಾಗಿ ಬಂದಿರುವ ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು, "ಮೇಡಂ, ಲ್ಯಾಬಲ್ಲಿ ಒಂದು ಸಿಸ್ಟಮ್ಮು ಇಂಗ್ಲಿಷಲ್ಲಿ ಏನೋ ಬೈತಾ ಇದೆ, ಸ್ವಲ್ಪ ಬಂದು ನೋಡ್ತೀರಾ?" ಅಂದರು. ಹೋಗಿ ನೋಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು. ಪ್ಯಾಕೇಜುಗಳ, ಅಂದರೆ ಸಾಫ್ಟ್‌ವೇರಿನ ಗಂಟುಗಳ, ಕೆಲಸ ಅರ್ಧಕ್ಕೆ ನಿಂತುಹೋಗಿದೆ, ಮುಂದುವರಿಯಬೇಕಾದರೆ ನೀವೇ ಕೂತು ಆದೇಶ ಕೊಡಬೇಕು ಅಂತ ಅದರ ಅರ್ಥ. ಲಿನಕ್ಸ್ ಅನ್ನುವ ಉಚಿತ ವ್ಯವಸ್ಥೆ ಇರುವ ಕಂಪ್ಯೂಟರು ಬಳಸುವವರಿಗೆ ಇದು ಹೊಸದೇನಲ್ಲ. ಅಪ್‌ಡೇಟ್ ಆಗುವಾಗ ಕರೆಂಟು ಹೋದರೆ ಬರುವ ಸಾಮಾನ್ಯ ತೊಂದರೆ. ಆದೇಶ ಕೊಟ್ಟೆ, ಸರಸರ ಅಂತ ಸಾಲುಗಳು ಓಡಿದವು, ಸರಿಹೋಯಿತು.

"ಅಷ್ಟೇನಾ ಮೇಡಂ?" ಅಂದರು ಮೇಷ್ಟ್ರು.

"ಅಷ್ಟೇ," ಅಂದೆ. ಆಮೇಲೆ ಮುಂದಿನ ಪೀರಿಯಡ್ಡಿಗೆ ಹೋಗಲು ಆಗಲಿಲ್ಲ. ತಲೆನೋವು ಅಂತ ಹೇಳಿ ಸ್ಟಾಫ್ ರೂಮಿನಲ್ಲೇ ಕೂತೆ. ಭದ್ರಾವತಿಯ ಆ ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂದುಬಿಟ್ಟಿತ್ತು.

ಆಗ ನಾನು ಭದ್ರಾವತಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಸರೋಜಕ್ಕ ಅಲ್ಲಿ ಕನ್ನಡ ಟೀಚರು. ನನಗಿಂತ ವಯಸ್ಸಿನಲ್ಲೂ ಸರ್ವೀಸಿನಲ್ಲೂ ದೊಡ್ಡವರು. ಶಾಲೆಯಲ್ಲಿ ಮೈಕು ಇದ್ದರೂ ಬೆಳಗಿನ ಪ್ರಾರ್ಥನೆಗೆ ಅದನ್ನು ಯಾರೂ ಹೊರಗೆ ತರುತ್ತಿರಲಿಲ್ಲ. ಸರೋಜಕ್ಕ ಒಂದು ಸಲ "ಸಾಲು!" ಅಂದರೆ ರಸ್ತೆಯಾಚೆ ಗೂಡಂಗಡಿಯಲ್ಲಿ ಟೀ ಕುಡಿಯುತ್ತಿದ್ದವರೂ ನೆಟ್ಟಗೆ ನಿಂತುಕೊಳ್ಳುತ್ತಿದ್ದರು ಅಂತ ನಾವು ತಮಾಷೆ ಮಾಡುತ್ತಿದ್ದೆವು.

ಇಲಾಖೆಯಿಂದ ಟೀಚರುಗಳಿಗೆ ಕಂಪ್ಯೂಟರ್ ತರಬೇತಿ ಇಟ್ಟಾಗ ನಮ್ಮಿಬ್ಬರನ್ನೂ ಕಳಿಸಿದ್ದರು. ಅಲ್ಲಿ ಕಲಿಸಿದ್ದೇ ಲಿನಕ್ಸ್. ಉಳಿದವರು ತರಬೇತಿ ಮುಗಿದ ವಾರಕ್ಕೆ ಮರೆತರು. ಸರೋಜಕ್ಕ ಮಾತ್ರ ಒಂದು ಹಳೆಯ ಲ್ಯಾಪ್‌ಟಾಪ್ ಹೊಂದಿಸಿಕೊಂಡು ಅದಕ್ಕೆ ಲಿನಕ್ಸ್ ಹಾಕಿ, ಕನ್ನಡ ಟೈಪಿಂಗ್ ಕಲಿತು, ಪ್ರಶ್ನೆಪತ್ರಿಕೆಗಳನ್ನೆಲ್ಲ ಅದರಲ್ಲೇ ಮಾಡತೊಡಗಿದರು. ಏನಾದರೂ ಕೆಟ್ಟರೆ, "ಜಯಾ, ಬಾ ಮಾರಾಯ್ತಿ, ಇದು ಮುನಿಸ್ಕೊಂಡಿದೆ," ಅಂತ ಕರೆಯುವರು. ನಾವಿಬ್ಬರೂ ಕೂತು ಆ ಇಂಗ್ಲಿಷ್ ಸಾಲುಗಳನ್ನು ಒಂದೊಂದಾಗಿ ಓದಿ, ಅಲ್ಲಿ ಇಲ್ಲಿ ಹುಡುಕಿ ಸರಿಮಾಡುತ್ತಿದ್ದೆವು. ನನಗೆ ಗೊತ್ತಿರುವ ಲಿನಕ್ಸ್ ಎಲ್ಲ ಹಾಗೆ ಕಲಿತದ್ದೇ.

ಕಾಯಿಲೆ ಮೊದಲು ಕಾಣಿಸಿಕೊಂಡಿದ್ದು ಪಾಠ ಮಾಡುವಾಗ. ಪದ್ಯ ಓದುತ್ತಾ ಓದುತ್ತಾ ಸರೋಜಕ್ಕನ ನಾಲಿಗೆ ತೊದಲಿತು. ಮಕ್ಕಳು ನಕ್ಕರು, ಅವರೂ ನಕ್ಕರು. ಆಮೇಲೆ ಚಾಕ್‌ಪೀಸು ಕೈಯಿಂದ ಜಾರತೊಡಗಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಮೇಲೆ ಗೊತ್ತಾಯಿತು, ಮೋಟಾರ್ ನ್ಯೂರಾನ್ ಕಾಯಿಲೆ ಅಂತ. ಮೈಯ ಸ್ನಾಯುಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ, ಬುದ್ಧಿಗೆ ಏನೂ ಆಗುವುದಿಲ್ಲ, ಔಷಧ ಇಲ್ಲ. ಯುಗಾದಿಯ ಹೊತ್ತಿಗೆ ಮಾತು ಪೂರ್ತಿ ನಿಂತಿತ್ತು. ಕಾಲು ಆಡುತ್ತಿರಲಿಲ್ಲ. ಉಳಿದಿದ್ದು ಬಲಗೈಯ ತೋರುಬೆರಳು, ಕಣ್ಣು, ಹುಬ್ಬು.

ಆ ಬೇಸಿಗೆ ರಜೆಯಲ್ಲಿ ನಾನು ಅವರ ಮನೆಗೆ ಹೋಗಿ ಆ ಲ್ಯಾಪ್‌ಟಾಪಿಗೆ ಮಾತನಾಡುವ ಸಾಫ್ಟ್‌ವೇರ್ ಹಾಕಿದೆ. ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಅದು ದನಿ ಮಾಡಿ ಓದುತ್ತದೆ. ದನಿ ಏನೂ ಚೆನ್ನಾಗಿರಲಿಲ್ಲ. ಡಬ್ಬದೊಳಗೆ ಕೂತು ಯಾರೋ ಗದರಿಸಿದ ಹಾಗೆ. ಸರೋಜಕ್ಕ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಮೊದಲು ಹೇಳಿಸಿದ ಮಾತು: "ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬ್ರು ಮಾತಾಡಿದ ಹಾಗಿದೆ ಮಾರಾಯ್ತಿ." ಅವರ ಗಂಡ ಮುರುಗೇಶಣ್ಣ, ಮಗಳು ದಿವ್ಯ, ನಾನು ಮೂವರೂ ಬಿದ್ದು ಬಿದ್ದು ನಕ್ಕೆವು. ಸರೋಜಕ್ಕನ ಮುಖದಲ್ಲಿ ನಗು ಮೂಡಿಸುವ ಸ್ನಾಯು ಆಗಲೇ ಹೋಗಿತ್ತು. ಹುಬ್ಬು ಮಾತ್ರ ಮೇಲೆದ್ದಿತು.

ಆಮೇಲಿನ ದಿನಗಳಲ್ಲಿ ಅವರು ಆ ಯಂತ್ರವನ್ನು ತಮಗೆ ಬೇಕಾದ ಹಾಗೆ ಒಗ್ಗಿಸಿಕೊಂಡರು. ಎರಡಕ್ಷರ ಒತ್ತಿದರೆ ಇಡೀ ವಾಕ್ಯ ಬರುವ ಹಾಗೆ ಸಣ್ಣ ಸಣ್ಣ ಸಂಕೇತಗಳನ್ನು ಮಾಡಿಟ್ಟರು. "ಫ್ಯಾನ್ ಜೋರು ಮಾಡಿ", "ಮಗ್ಗುಲಿಗೆ ತಿರುಗಿಸಿ", "ಟಿವಿ ಆರಿಸಿ, ಕರ್ಮ", ಹೀಗೆ. ದನಿಯ ವೇಗ ಇಳಿಸುವುದು ಹೇಗೆ ಅಂತ ಓದಿಕೊಂಡು, ಅದರ ಸೆಟ್ಟಿಂಗಿನ ಕಡತ ತೆರೆದು ತಾವೇ ತಿದ್ದಿದರು. ಗದರಿಕೆ ಹೋಗಿ ಸ್ವಲ್ಪ ಸಮಾಧಾನದ ದನಿ ಬಂತು. ನಾನು ಶನಿವಾರ ಸ್ಕೂಲು ಮುಗಿಸಿ ಅಲ್ಲಿಗೆ ಹೋದರೆ ಇಬ್ಬರೂ ಹರಟೆ ಹೊಡೆಯುತ್ತಿದ್ದೆವು. ನಾನು ಹತ್ತು ಮಾತಾಡುವಷ್ಟರಲ್ಲಿ ಅವರದು ಒಂದು. ಆದರೆ ಆ ಒಂದರಲ್ಲಿ ನನ್ನ ಹತ್ತಕ್ಕೂ ಉತ್ತರ ಇರುತ್ತಿತ್ತು.

ಅವರ ಮನೆ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲಿತ್ತು. ಮುರುಗೇಶಣ್ಣನ ತಂದೆ ತಮಿಳುನಾಡಿನಿಂದ ಬಂದು ಉಕ್ಕಿನ ಕಾರ್ಖಾನೆಯಲ್ಲಿ ಸೇರಿದವರು. ಮುರುಗೇಶಣ್ಣನೂ ಅಲ್ಲೇ ದುಡಿದು ನಿವೃತ್ತರಾದವರು. ಬಾಗಿಲು ಹಾಕಿದ ಮನೆಗಳೇ ಹೆಚ್ಚಿದ್ದ ಬೀದಿ. ದೊಡ್ಡ ದೊಡ್ಡ ಮಳೆಮರಗಳು, ಬೇಲಿಯ ತುಂಬ ಹಬ್ಬಿದ ಬಳ್ಳಿ. ದಿವ್ಯ ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಅಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಗಂಜಿ ಕುಡಿಸಿ ಬಸ್ಸು ಹಿಡಿಯುವಳು. ಹೈಸ್ಕೂಲಿನಲ್ಲಿ ನನ್ನ ಹತ್ತಿರವೇ ಗಣಿತ ಕಲಿತವಳು, ಹಾಗಾಗಿ ನಾನು ಅವಳಿಗೆ ಯಾವತ್ತೂ "ಮಿಸ್".

ಜುಲೈನಲ್ಲಿ ಮಳೆ ಹಿಡಿಯಿತು. ಆ ವರ್ಷ ಬಿಡುವೇ ಕೊಡದ ಮಳೆ. ಭದ್ರಾ ಹೊಳೆ ಕೆಂಪಾಗಿ ಸೇತುವೆಯ ಹತ್ತಿರಕ್ಕೆ ಬಂದಿತ್ತು. ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೋ ಲೆಕ್ಕವಿರಲಿಲ್ಲ. ಒಂದು ಮಧ್ಯಾಹ್ನ ಆ ಲ್ಯಾಪ್‌ಟಾಪು ತನ್ನಷ್ಟಕ್ಕೆ ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದಾಗ ಕರೆಂಟು ಹೋಯಿತು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಮತ್ತೆ ಹಾಕಿದಾಗ ಯಂತ್ರವೇನೋ ಎದ್ದಿತು, ಮಾತು ಏಳಲಿಲ್ಲ. ಕನ್ನಡ ಕೀಲಿಮಣೆಯೂ ಬರುತ್ತಿರಲಿಲ್ಲ.

ನನಗೆ ಆಗ ಇದು ಗೊತ್ತಿರಲಿಲ್ಲ. ಮಳೆಗೆ ನಮ್ಮ ತಾಯಿಗೆ ಜ್ವರ ಹಿಡಿದು ನಾನೇ ಎರಡು ವಾರ ರಜೆಯಲ್ಲಿ ಮನೆಯಲ್ಲಿದ್ದೆ. ದಿವ್ಯ ಫೋನ್ ಮಾಡಿದಳು.

"ಮಿಸ್, ಅಮ್ಮನ ಕಂಪ್ಯೂಟರ್ ಕೆಟ್ಟು ಕೂತಿದೆ. ಅಂಗಡಿಗೆ ಒಯ್ದಿದ್ದೆ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀವಿ ಅಂದ್ರು. ಅಳಿಸಿಬಿಡ್ಲಾಮ್ಮ ಅಂತ ಕೇಳಿದ್ರೆ ಅಮ್ಮ ಕಣ್ಣು ಮುಚ್ಚಿಬಿಟ್ಲು. ಅವಳು ಮಾಡಿಟ್ಟಿದ್ದೆಲ್ಲ ಅದರಲ್ಲೇ ಇದೆಯಲ್ಲ. ನೀವೊಂದ್ಸಲ ಬರ್ತೀರಾ? ಸೋಮವಾರ ಆಪರೇಷನ್ ಬೇರೆ ಇದೆ."

"ಆಪರೇಷನ್ನಾ? ಏನು ಆಪರೇಷನ್ನೇ?"

ಆಗ ಹೇಳಿದಳು. ಹಿಂದಿನ ವಾರ ಶಿವಮೊಗ್ಗದ ಆಸ್ಪತ್ರೆಗೆ ಕರಕೊಂಡು ಹೋಗಿದ್ದರಂತೆ. ಉಸಿರಾಟ ಕಮ್ಮಿಯಾಗುತ್ತಿದೆ ಅಂತ ಡಾಕ್ಟರು ನೋಡಿ ಹೇಳಿದರು. ಮುಂದೆ ಒಂದು ದಿನ ತಾನಾಗಿ ಉಸಿರಾಡಲು ಆಗುವುದಿಲ್ಲ. ಆಗ ಗಂಟಲಿಗೆ ತೂತು ಮಾಡಿ ಪೈಪು ಹಾಕಿ ಯಂತ್ರದಿಂದ ಉಸಿರಾಡಿಸಬಹುದು. ಹಾಗೆ ವರ್ಷಗಟ್ಟಲೆ ಇರುವವರೂ ಇದ್ದಾರೆ, ಆದರೆ ಕಾಯಿಲೆ ನಿಲ್ಲುವುದಿಲ್ಲ, ಬೆರಳು, ಕಣ್ಣು ಎಲ್ಲವೂ ಹೋಗಬಹುದು. ಬೇಕು ಅನ್ನುವುದಾದರೆ ಈಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಡಾಕ್ಟರು ಒಳ್ಳೆಯವರು. ಮನೆಯವರನ್ನಲ್ಲ, ಸರೋಜಕ್ಕನನ್ನೇ ನೋಡಿ ಕೇಳಿದರಂತೆ, "ಟೀಚರ್, ನಿಮಗೆ ಏನನ್ನಿಸುತ್ತೆ?"

ಕಂಪ್ಯೂಟರ್ ಇಲ್ಲದ ಆ ದಿನಗಳಲ್ಲಿ ಅವರು ಮಾತಾಡುತ್ತಿದ್ದದ್ದು ಅಕ್ಷರದ ಚಾರ್ಟಿನ ಮೇಲೆ. ಒಂದನೇ ತರಗತಿ ಮಕ್ಕಳದು, ಕಾಗುಣಿತ ಇರುವಂಥದ್ದು. ಮುರುಗೇಶಣ್ಣ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು, ಬೇಕಾದ ಅಕ್ಷರ ಬಂದಾಗ ಸರೋಜಕ್ಕ ಹುಬ್ಬು ಎತ್ತಬೇಕು. ಒಂದು ಮಾತಿಗೆ ಅಷ್ಟು ಹೊತ್ತು. ಅದಕ್ಕೇ ಮನೆಯವರು ಅರ್ಧ ಕೇಳಿ ಉಳಿದರ್ಧವನ್ನು ತಾವೇ ಊಹಿಸಿ ಹೇಳಿಬಿಡುವುದು ರೂಢಿಯಾಗಿತ್ತು. ಅವತ್ತು ಡಾಕ್ಟರ ಮುಂದೆ ಮುರುಗೇಶಣ್ಣನ ಬೆರಳು "ಬೇ" ಮೇಲೆ ಬಂದಾಗ ಸರೋಜಕ್ಕನ ಹುಬ್ಬು ಎದ್ದಿತು.

"ಬೇಕು ಅಂತಿದಾಳೆ ಡಾಕ್ಟ್ರೇ," ಅಂದರು ಮುರುಗೇಶಣ್ಣ.

ಡಾಕ್ಟರು ಸರಿ ಅಂತ ಬರೆದುಕೊಂಡರು. ಸೋಮವಾರ ಬನ್ನಿ ಅಂದರು.

"ಅಮ್ಮ ಬದುಕಬೇಕು ಅಂತ ಒಪ್ಪಿದ್ಲು ಮಿಸ್," ಅಂದಳು ದಿವ್ಯ ಫೋನಿನಲ್ಲಿ. ಅವಳ ದನಿಯಲ್ಲಿ ಎಷ್ಟು ಖುಷಿ ಇತ್ತು ಅಂದರೆ, ನನಗೂ ಖುಷಿಯೇ ಆಯಿತು.

ಭಾನುವಾರ ಬೆಳಿಗ್ಗೆ ಹೊರಟೆ. ಬಸ್ಸಿನ ಕಿಟಕಿಗೆಲ್ಲ ಪರದೆ ಇಳಿಬಿಟ್ಟಿದ್ದರು, ಆದರೂ ಒಳಗೆ ಇರಚಲು. ನಾನು ಹೋದಾಗ ಸರೋಜಕ್ಕನನ್ನು ಕಿಟಕಿಯ ಹತ್ತಿರ ದಿಂಬುಗಳ ನಡುವೆ ಕೂರಿಸಿದ್ದರು. ಇಪ್ಪತ್ತು ದಿನದ ಹಿಂದೆ ನೋಡಿದ್ದಕ್ಕಿಂತ ಇಳಿದುಹೋಗಿದ್ದರು. ನನ್ನನ್ನು ನೋಡಿದ ಕೂಡಲೇ ಅವರ ಕಣ್ಣಿಂದ ನೀರು ಹರಿಯತೊಡಗಿತು. ದಿವ್ಯ ಒರೆಸಿದಳು. ಮತ್ತೆ ಹರಿಯಿತು.

"ಆಸ್ಪತ್ರೆಯಿಂದ ಬಂದಾಗಿಂದ ಹಿಂಗೇ ಮಿಸ್. ಆಪರೇಷನ್ ಅಂದ್ರೆ ಹೆದರಿಕೆ. ಏನಾಗಲ್ಲ ಕಣಮ್ಮ, ನಾನಿರ್ತೀನಿ," ಅಂತ ಅಮ್ಮನ ಕೆನ್ನೆ ಸವರಿದಳು. ಸರೋಜಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

"ಚಾರ್ಟ್ ಎಲ್ಲಿ?" ಅಂದೆ.

"ಅವಳಿಗೆ ಆಯಾಸ ಆಗುತ್ತೆ ಟೀಚರಮ್ಮಾ, ಅದಕ್ಕೇ ಬೀರು ಮೇಲಿಟ್ಟಿದೀನಿ," ಅಂದರು ಮುರುಗೇಶಣ್ಣ. ನೀವು ಮೊದಲು ಕಂಪ್ಯೂಟರ್ ನೋಡಿ ಅಂದು ಹೊರಗೆ ಹೋಗಿ ಜಗುಲಿಯಲ್ಲಿ ಮಳೆ ನೋಡುತ್ತಾ ನಿಂತರು.

ಲ್ಯಾಪ್‌ಟಾಪನ್ನು ಸರೋಜಕ್ಕನಿಗೂ ಕಾಣುವ ಹಾಗೆ ಮಂಚದ ಮೇಲಿನ ಮಣೆಯ ಮೇಲಿಟ್ಟು ಕೂತೆ. ಕಪ್ಪು ಪರದೆ ತೆರೆದರೆ ಅದೇ ಸಾಲು: ಅರ್ಧಕ್ಕೆ ನಿಂತಿದೆ, ನೀವೇ ಮುಂದುವರಿಸಿ. ಲಿನಕ್ಸಿನಲ್ಲಿ ಒಂದು ಸಾಫ್ಟ್‌ವೇರ್ ಒಳಗೆ ಬರುವುದು ಎರಡು ಹಂತದಲ್ಲಿ. ಮೊದಲು ಗಂಟು ಬಿಚ್ಚಿ ಸಾಮಾನು ಇಡುವುದು, ಆಮೇಲೆ ಅದನ್ನು ಹೊಂದಿಸಿ ಕೆಲಸಕ್ಕೆ ಹಚ್ಚುವುದು. ನಡುವೆ ಕರೆಂಟು ಹೋದದ್ದರಿಂದ ಎಷ್ಟೋ ಪ್ಯಾಕೇಜುಗಳು ಬಿಚ್ಚಿದ ಸ್ಥಿತಿಯಲ್ಲೇ ನಿಂತಿದ್ದವು. ಅವೆಲ್ಲ ಸರಿಯಾಗುವ ತನಕ ಹೊಸದೇನನ್ನೂ ಅದು ಒಳಗೆ ಬಿಡುವುದಿಲ್ಲ. ಎಲ್ಲವನ್ನೂ ಹೊಂದಿಸು ಅಂತ ಆದೇಶ ಕೊಟ್ಟೆ. ಸ್ವಲ್ಪ ಓಡಿತು, ನಿಂತಿತು. ಡಿಸ್ಕಿನಲ್ಲಿ ಜಾಗವಿಲ್ಲ ಅಂದಿತು. ಹಿಂದಿನ ಅಪ್‌ಡೇಟುಗಳ ಬೇಡವಾದ ಹಳೆಯ ಕಡತಗಳನ್ನು ಒಂದೊಂದಾಗಿ ನೋಡಿ ತೆಗೆದೆ. ಮತ್ತೆ ಓಡಿಸಿದೆ. ಈ ಸಲ ಹೆಚ್ಚು ದೂರ ಹೋಗಿ, ಒಂದು ಪ್ಯಾಕೇಜಿನ ಹೆಸರು ಹೇಳಿ, ಇದು ತೀರಾ ಕೆಟ್ಟ ಸ್ಥಿತಿಯಲ್ಲಿದೆ, ಹೊಸದಾಗಿ ತರಿಸದೆ ಹೊಂದಿಸಲಾಗದು ಅಂದಿತು. ನೋಡಿದರೆ ಅದೇ ದನಿಯ ಪ್ಯಾಕೇಜು.

ತರಿಸಲು ಇಂಟರ್‌ನೆಟ್ ಬೇಕು. ನನ್ನ ಮೊಬೈಲಿನಿಂದ ಕೊಡೋಣವೆಂದರೆ ಆ ಮಳೆಯಲ್ಲಿ ಸಿಗ್ನಲ್ ನಿಲ್ಲುತ್ತಿರಲಿಲ್ಲ. ದಿವ್ಯ ಮೊಬೈಲ್ ಹಿಡಿದು ಕಿಟಕಿಯ ಸರಳಿನ ಹೊರಗೆ ಕೈ ಚಾಚಿ ನಿಂತಳು, ಪ್ಲಾಸ್ಟಿಕ್ ಕವರು ಸುತ್ತಿಕೊಂಡು. ಅವಳ ತೋಳೆಲ್ಲ ಒದ್ದೆ. "ಬಂತಾ ಮಿಸ್? ಬಂತಾ?" ಅಂತ ಕೇಳುತ್ತಲೇ ಇದ್ದಳು. ಬಂತು, ನಿಂತಿತು, ಮತ್ತೆ ಬಂತು. ಅವಳು ಕೈ ಕೆಳಗಿಳಿಸಲೇ ಇಲ್ಲ.

ಕೊನೆಗೆ ಪ್ಯಾಕೇಜು ಇಳಿಯಿತು. ಹೊಂದಿಸುವಾಗ ನಡುವೆ ಒಂದು ಪ್ರಶ್ನೆ ಕೇಳಿ ನಿಂತಿತು: ಈ ಸೆಟ್ಟಿಂಗಿನ ಕಡತವನ್ನು ನೀವು ತಿದ್ದಿದ್ದೀರಿ, ನಿಮ್ಮದನ್ನೇ ಉಳಿಸಲೋ, ಹೊಸದನ್ನು ಹಾಕಲೋ? ಅದು ಸರೋಜಕ್ಕ ದನಿಯನ್ನು ನಿಧಾನ ಮಾಡಲು ತಿದ್ದಿದ ಕಡತ. ನಾನು ಅವರ ಮುಖ ನೋಡಿದೆ. "ನಿಮ್ಮದನ್ನೇ ಇಡಲಾ ಅಕ್ಕಾ?" ಹುಬ್ಬು ಎದ್ದಿತು. ಅದನ್ನೇ ಇಟ್ಟೆ. ಉಳಿದ ಸಾಲುಗಳು ಸರಾಗ ಓಡಿದವು. ಒಂದೂ ದೋಷ ಇಲ್ಲ.

"ನಮಸ್ಕಾರ" ಅಂತ ಟೈಪ್ ಮಾಡಿದೆ. ಆ ಹಳೆಯ ನಿಧಾನದ ದನಿ ನಮಸ್ಕಾರ ಅಂದಿತು. ದಿವ್ಯ ಕಿಟಕಿಯಿಂದ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು. ಆಮೇಲೆ ನನ್ನನ್ನೂ.

ಸರೋಜಕ್ಕನ ಬೆರಳನ್ನು ಕೀಲಿಮಣೆಯ ಮೇಲೆ ಇಟ್ಟೆ. ಬೆರಳು ಮೊದಲಿಗಿಂತ ನಿಧಾನವಾಗಿತ್ತು. ನಾವು ಕಾದೆವು.

"ದಿವ್ಯ ಬಟ್ಟೆ ಬದಲಾಯಿಸು. ಅಂಗಡಿಗೆ ಹೋಗಿ ಜಯಂಗೆ ಬಿಸ್ಕತ್ತು ತಾ."

"ಮೊದಲ ಮಾತೇ ಕೆಲಸ ಹೇಳೋದು ನೋಡಿ ಮಿಸ್!" ಅಂತ ನಗುತ್ತಾ ಕೊಡೆ ಹಿಡಿದು ಹೋದಳು.

ಅವಳು ಗೇಟು ದಾಟುವ ಸದ್ದು ಕೇಳಿದ ಮೇಲೆ ಬೆರಳು ಮತ್ತೆ ಚಲಿಸಿತು.

"ನಾನು ಬೇಡ ಅಂದಿದ್ದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಮುಂದಿನ ಸಾಲು ಬರುವವರೆಗೆ ಕಾದೆ.

"ಬೇ ಅಂದೆ. ಡ ಹೇಳೋದರೊಳಗೆ ಇವರು ಕು ಅಂದುಬಿಟ್ರು."

ಹಿಂದೆ ಸದ್ದಾಯಿತು. ಜಗುಲಿಯಿಂದ ಮುರುಗೇಶಣ್ಣ ಒಳಗೆ ಬಂದು ಬಾಗಿಲ ಹತ್ತಿರ ನಿಂತಿದ್ದರು. ಆ ದನಿ ಮನೆಯೆಲ್ಲ ಕೇಳುವಂಥದ್ದು. ಅವರು ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕೂತರು.

"ನಂಗೆ ಗೊತ್ತಿತ್ತು ಟೀಚರಮ್ಮಾ," ಅಂದರು. "ಅವಳ ಕಣ್ಣು ನೋಡಿದಾಗ್ಲೇ ಗೊತ್ತಾಯ್ತು. ಬಾಯಿ ತಪ್ಪಿ ಬಂದುಬಿಡ್ತು ಬೇಕು ಅಂತ. ಬಂದ ಮೇಲೆ ವಾಪಸ್ ತಗೊಳ್ಳಕ್ಕೆ ಆಗ್ಲಿಲ್ಲ ನಂಗೆ. ಮತ್ತೆ ಕೇಳ್ದೆ ಅಂದ್ರೆ ಇವಳು ಬೇಡ ಅಂತಾಳೆ. ಅದಕ್ಕೇ ಆ ಚಾರ್ಟ್ ತೆಗ್ದು ಮೇಲಿಟ್ಟೆ." ಆಮೇಲೆ ತಮಿಳಿನಲ್ಲಿ ಹೆಂಡತಿಗೆ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ಸರೋಜಕ್ಕ ಹುಬ್ಬು ಎತ್ತಿದರು, ಮತ್ತೆ ಬೆರಳು ಆಡಿಸಿದರು.

"ಗೊತ್ತು. ಬೈಯಲ್ಲ. ಅಳಬೇಡಿ. ಮಗು ಬರುತ್ತೆ."

ನಾನು ಕೇಳಬೇಕಾಯಿತು. ಬೇರೆ ಯಾರು ಕೇಳುತ್ತಾರೆ? "ಯಾಕಕ್ಕಾ?"

ಆ ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಸಂಕೇತ ಮಾಡಿಟ್ಟ ವಾಕ್ಯ ಯಾವುದೂ ಅದಕ್ಕೆ ಒದಗುವಂತಿರಲಿಲ್ಲ. ಅಕ್ಷರ ಅಕ್ಷರವೇ ಒತ್ತಬೇಕು. "ಪೈಪ್ ಹಾಕಿದ್ರೆ ಉಸಿರು ಇರುತ್ತೆ. ಬೆರಳು ಹೋಗುತ್ತೆ. ಇದು ಕೆಟ್ಟಿದ್ದ ದಿನಗಳಲ್ಲಿ ನೋಡಿದೆ ಹೇಗಿರುತ್ತೆ ಅಂತ. ಎಲ್ಲರೂ ನನ್ನ ಬಗ್ಗೆ ಮಾತಾಡ್ತಾರೆ. ನನ್ನ ಹತ್ತಿರ ಅಲ್ಲ. ಹಂಗೆ ವರ್ಷಗಟ್ಟಲೆ ಬೇಡ ಜಯಾ."

ಆಮೇಲೆ ಸರೋಜಕ್ಕ ಮಾಡಿದ್ದು ನಾನು ಸಾಯುವವರೆಗೂ ಮರೆಯುವಂಥದ್ದಲ್ಲ. ಮಗಳಿಗೆ ಹೇಳಬೇಕಾದ ಮಾತನ್ನು ಅವರು ನನ್ನ ಮುಂದೆ ಅಭ್ಯಾಸ ಮಾಡಿದರು. ಪಾಠಕ್ಕೆ ಮೊದಲು ತಯಾರಿ ಮಾಡಿಕೊಳ್ಳುವ ಟೀಚರು ಅವರು. "ನನಗೆ ಆಪರೇಷನ್ ಬೇಡ" ಅಂತ ಟೈಪ್ ಮಾಡಿ ಕೇಳಿಸಿಕೊಂಡರು. ಕಣ್ಣು ಮುಚ್ಚಿದರು. ಬಹಳ ಕಟುವಾಯಿತು. ಅಳಿಸಿದರು. "ಮರಿ, ನನಗೆ ಪೈಪ್ ಬೇಡ" ಅಂತ ಮಾಡಿದರು. ಯಂತ್ರ "ಮರಿ" ಅನ್ನುವುದನ್ನು ಏನೋ ಹಾಜರಿ ಕೂಗಿದ ಹಾಗೆ ಹೇಳಿತು. ಅದರ ಮುಂದೆ ಒಂದು ಅಲ್ಪವಿರಾಮ ಜಾಸ್ತಿ ಹಾಕಿದರು, ದನಿ ಸ್ವಲ್ಪ ನಿಂತು ಹೋಗಲಿ ಅಂತ. ವೇಗ ಇನ್ನೂ ಇಳಿಸು ಅಂತ ನನಗೆ ಹೇಳಿದರು. ಇಳಿಸಿದೆ. ಮತ್ತೆ ಕೇಳಿಸಿಕೊಂಡರು. ಗೇಟಿನ ಸದ್ದಾದಾಗ ಬೆರಳು ಎತ್ತಿ ಕಾದರು.

ದಿವ್ಯ ಬಿಸ್ಕತ್ತಿನ ಪೊಟ್ಟಣ ಹಿಡಿದು ಒಳಗೆ ಬಂದಳು. ನೆಲದ ಮೇಲೆ ಕೂತಿದ್ದ ಅಪ್ಪನನ್ನು ನೋಡಿದಳು. "ಏನಾಯ್ತು?"

ಸರೋಜಕ್ಕ ಒಂದು ಕೀಲಿ ಒತ್ತಿದರು.

"ಮರಿ, ನನಗೆ ಪೈಪ್ ಬೇಡ. ನಾನು ಅವತ್ತೂ ಬೇಡ ಅಂತಲೇ ಹೇಳಿದ್ದು. ನೀನು ನನ್ನನ್ನ ತುಂಬಾ ಚೆನ್ನಾಗಿ ನೋಡಿಕೊಂಡಿದ್ದೀಯ. ಸಾಕು."

ದಿವ್ಯ ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಮಿಸ್, ಇದು ಸರಿಯಾಗಿಲ್ಲ. ಅಮ್ಮ ಟೈಪ್ ಮಾಡಿದ್ದು ಒಂದು, ಇದು ಹೇಳ್ತಿರೋದು ಒಂದು. ಸರಿ ರಿಪೇರಿ ಆಗಿಲ್ಲ ಇದು. ಮತ್ತೆ ನೋಡಿ."

"ದಿವ್ಯಾ..."

"ಮತ್ತೆ ನೋಡಿ ಮಿಸ್!"

ನಾನೇನು ನೋಡಲಿ? ಸರೋಜಕ್ಕನೇ ಬೆರಳು ಆಡಿಸಿದರು. ಅಕ್ಷರಗಳು ಒಂದೊಂದಾಗಿ ಪರದೆಯ ಮೇಲೆ ಬರುವುದನ್ನು ದಿವ್ಯ ನಿಂತು ನೋಡಿದಳು. ಬೇ. ಆಮೇಲೆ ಡ. ಯಂತ್ರ ಓದಿತು.

"ಬೇಡ. ಸರಿಯಾಗೇ ಇದೆ ಮರಿ."

ಅವಳು ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಳೆಯಲ್ಲೇ ನಿಂತಿದ್ದಳು. ನಾನು ಕೊಡೆ ಹಿಡಿಯಲು ಹೋದರೆ ಸರಿದಳು.

"ನಾನೇ ಕರೆಸಿದ್ನಲ್ಲ ಮಿಸ್ ನಿಮ್ಮನ್ನ," ಅಂದಳು. "ನಾನೇ ಫೋನ್ ಮಾಡಿ ಕರೆಸ್ದೆ. ನೀವು ಬರ್ದೇ ಇದ್ದಿದ್ರೆ ನಾಳೆ ಆಪರೇಷನ್ ಆಗ್ತಿತ್ತು. ನೀವು ಯಾಕೆ ಬಂದ್ರಿ?"

ಕೊಡೆಯನ್ನು ಕಲ್ಲಿನ ಮೇಲಿಟ್ಟು ಒಳಗೆ ಬಂದೆ. ಹೊರಡುವಾಗ ಅವಳು ಹೊರಗೆ ಬರಲಿಲ್ಲ.

ಸೋಮವಾರ ಆಸ್ಪತ್ರೆಗೆ ಹೋದಾಗ ಲ್ಯಾಪ್‌ಟಾಪನ್ನು ಮಡಿಲ ಮೇಲಿಟ್ಟುಕೊಂಡು ಸರೋಜಕ್ಕ ತಾವೇ ಡಾಕ್ಟರಿಗೆ ಹೇಳಿದರಂತೆ. ಡಾಕ್ಟರು ಮತ್ತೆ ಮತ್ತೆ ಕೇಳಿ, ಖಚಿತ ಮಾಡಿಕೊಂಡು, ಹಿಂದೆ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರಂತೆ. ಮುರುಗೇಶಣ್ಣ ಫೋನಿನಲ್ಲಿ ಹೇಳಿದರು.

ಆ ಮೇಲೆ ಮಳೆ ಮುಗಿಯುವ ತನಕ, ಗೌರಿ ಹಬ್ಬ, ದಸರಾ ಕಳೆಯುವ ತನಕ ನಾನು ಶನಿವಾರಗಳಲ್ಲಿ ಹೋಗುತ್ತಿದ್ದೆ. ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಿದ್ದೆ, ತನ್ನಷ್ಟಕ್ಕೆ ಅಪ್‌ಡೇಟ್ ಆಗುವುದನ್ನೂ ನಿಲ್ಲಿಸಿದ್ದೆ. ಅದು ಮತ್ತೆ ಕೆಡಲಿಲ್ಲ. ಸರೋಜಕ್ಕ ಅದರಲ್ಲಿ ಬಹಳ ಮಾತಾಡಿದರು. ನೆಂಟರಿಗೆ ಫೋನ್ ಹಚ್ಚಿಸಿ ಅದರ ಬಾಯಿಯಿಂದ ಕ್ಷೇಮ ವಿಚಾರಿಸಿದರು. ಹಳೆಯ ವಿದ್ಯಾರ್ಥಿಗಳು ಬಂದರೆ ಅವರ ಕಾಗುಣಿತದ ತಪ್ಪುಗಳನ್ನು ನೆನಪಿಸಿ ನಗಿಸಿದರು. ಮುರುಗೇಶಣ್ಣನಿಗೆ ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸುವುದು ಹೇಗೆ, ಯಾವ ಸೀರೆ ಯಾರಿಗೆ ಕೊಡಬೇಕು, ಎಲ್ಲವನ್ನೂ ಹೇಳಿದರು. ಒಂದು ಶನಿವಾರ ನನಗೆ ಹೇಳಿದರು, "ದಿವ್ಯ ನಿನ್ನ ಮೇಲೆ ಕೋಪ ಮಾಡ್ಕೊಂಡಿದ್ದಾಳೆ. ಮಾಡ್ಕೊಳ್ಳಲಿ. ನನ್ನ ಮೇಲೆ ಮಾಡ್ಕೊಳ್ಳೋಕೆ ಆಗಲ್ಲ ಅದಕ್ಕೆ."

ದಿವ್ಯ ನನಗೆ ಕಾಫಿ ತಂದಿಡುವಳು. "ತಗೊಳ್ಳಿ ಮಿಸ್" ಅನ್ನುವಳು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಅಮ್ಮನ ಜೊತೆ ಮಾತ್ರ ಮೊದಲಿಗಿಂತ ಹೆಚ್ಚು ಕೂರುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿಂದ ಆ ಯಂತ್ರದ ದನಿ, ನಡುವೆ ಅವಳ ದನಿ ಕೇಳುತ್ತಿತ್ತು. ನಾನು ಒಳಗೆ ಹೋದ ಕೂಡಲೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಸರೋಜಕ್ಕನ ಬೆರಳು ನಿಂತಿತು. ಅದರ ಹಿಂದೆಯೇ ಕಫ ಕಟ್ಟಿ ಜ್ವರ ಬಂತು. ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ತಂದರು. ನನಗೆ ಮುರುಗೇಶಣ್ಣನ ಫೋನು ಬಂದಾಗ ನಾನು ಆಗಷ್ಟೇ ಬಸ್ಸು ಹತ್ತಲು ಹೊರಟಿದ್ದೆ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ.

ಯಾವಾಗಲೂ ನೋಡುವ ಡಾಕ್ಟರು ಅವತ್ತು ಊರಲ್ಲಿರಲಿಲ್ಲ. ಡ್ಯೂಟಿಯಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಸರೋಜಕ್ಕನ ಎದೆ ಏದುತ್ತಿತ್ತು. ಆಕ್ಸಿಜನ್ ಮಾಸ್ಕಿನೊಳಗೆ ಮುಖ ಸಣ್ಣಗೆ ಕಾಣುತ್ತಿತ್ತು. ದಿವ್ಯ ಅಮ್ಮನ ಕೈ ಹಿಡಿದು ಮಂಚಕ್ಕೆ ಒತ್ತಿಕೊಂಡು ನಿಂತಿದ್ದಳು.

"ಹೀಗೇ ಬಿಟ್ರೆ ಕಷ್ಟ," ಅಂದರು ಡಾಕ್ಟರು. "ಟ್ಯೂಬ್ ಹಾಕಿ ವೆಂಟಿಲೇಟರಿಗೆ ಹಾಕಬೇಕು. ಹಳೇ ಪೇಪರಲ್ಲಿ ಬೇಡ ಅಂತ ಬರೆದಿದೆ. ಆದ್ರೂ ಮನೆಯವರು ಈಗ ಹೇಳಿ, ಏನು ಮಾಡೋಣ?"

ಮುರುಗೇಶಣ್ಣ ಎರಡೂ ಕೈ ಮುಗಿದರು. "ಹಾಕಿಬಿಡಿ ಡಾಕ್ಟ್ರೇ. ಹಾಕಿಬಿಡಿ. ಹೆಂಗಾದ್ರೂ ಇರ್ಲಿ ಅವಳು."

ಡಾಕ್ಟರು ನರ್ಸಿನ ಕಡೆ ತಿರುಗಿದರು. ನಾನು ಬಾಯಿ ತೆರೆಯಲಿಲ್ಲ. ನಾನು ಆ ಮನೆಯವಳಲ್ಲ. ಹೇಳುವ ಹಕ್ಕು ನನಗಿಲ್ಲ. ಹೇಳುವ ಧೈರ್ಯವೂ ಇರಲಿಲ್ಲ.

"ಬೇಡ ಡಾಕ್ಟ್ರೇ."

ದಿವ್ಯ ತಲೆ ಎತ್ತಿರಲಿಲ್ಲ. ಅಮ್ಮನ ಕೈಯನ್ನೇ ನೋಡುತ್ತಾ ಹೇಳಿದಳು.

"ಕಣ್ಣಮ್ಮಾ, ಸುಮ್ನಿರು," ಅಂದರು ಮುರುಗೇಶಣ್ಣ, ಮಗಳನ್ನು ಮುದ್ದಿನಿಂದ ಕರೆಯುವ ಹಾಗೆ.

"ಇಲ್ಲಪ್ಪಾ. ಅಮ್ಮ ಬೇಡ ಅಂದಿದಾಳೆ."

"ನೀವು ಅದನ್ನ ಅವರ ಬಾಯಿಂದ ಕೇಳಿದೀರಾ?" ಡಾಕ್ಟರು ಮೆಲ್ಲಗೆ ಕೇಳಿದರು.

"ಕೇಳಿದೀನಿ. ನಾನು ನಂಬ್ಲಿಲ್ಲ ಅಂತ ಎರಡ್ನೇ ಸಲಾನೂ ಹೇಳಿದ್ಲು. ಅವಳಿಗೆ ಉಸಿರುಗಟ್ಟೋ ಹಿಂಸೆ ಆಗದ ಹಾಗೆ ಏನು ಕೊಡಬಹುದೋ ಕೊಡಿ. ಪೈಪ್ ಬೇಡ."

ಮುರುಗೇಶಣ್ಣ ಗೋಡೆಯ ಕಡೆ ತಿರುಗಿಕೊಂಡರು. ಡಾಕ್ಟರು ನರ್ಸಿಗೆ ಬೇರೊಂದು ಇಂಜೆಕ್ಷನ್ನಿನ ಹೆಸರು ಹೇಳಿದರು. ಸರೋಜಕ್ಕ ಇದನ್ನೆಲ್ಲ ಕೇಳಿಸಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಕಣ್ಣು ಮುಚ್ಚಿತ್ತು. ಏದುಸಿರು ಮಾತ್ರ ಬರಬರುತ್ತಾ ತಗ್ಗಿತು.

ಮರುದಿನ ಮಧ್ಯಾಹ್ನ, ಬಿಸಿಲು ಚೆನ್ನಾಗಿ ಬಿದ್ದಿದ್ದಾಗ, ಸರೋಜಕ್ಕ ಹೋದರು.

ಮುರುಗೇಶಣ್ಣ ಒಳಗೆ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ನಾನು ಹೊರಗೆ ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ದಿವ್ಯ ಬಂದಳು. ಇಡೀ ವರಾಂಡದಲ್ಲಿ ಬೇರೆ ಬೆಂಚುಗಳು ಖಾಲಿ ಇದ್ದವು. ಅವಳು ಬಂದು ನನ್ನ ಪಕ್ಕದಲ್ಲೇ ಕೂತಳು. ನಾನು ಏನೋ ಹೇಳಲು ಹೋದೆ.

"ಏನೂ ಹೇಳ್ಬೇಡಿ ಮಿಸ್," ಅಂದಳು. "ಸುಮ್ನೆ ಇಲ್ಲೇ ಕೂತಿರಿ."

ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳ ತಲೆ ನನ್ನ ಭುಜದ ಮೇಲೆ ಬಿತ್ತು. ನಿದ್ದೆ ಬಂದಿತ್ತು ಅವಳಿಗೆ.